ನನ್ನ ಮಳೆ ನೋಟ್ಸಿಗೊಬ್ಬ ಓದುಗ

ನೆಲ ಕಾದದ್ದರಿಂದಲೇ ಮುಂಗಾರು ಬರುತ್ತದೆ ಅನ್ನುವುದಾದರೆ, ನೆಲ ಎಲ್ಲಕ್ಕಿಂತ ಹೆಚ್ಚು ಕಾದಿರುವ ಮೇ ತಿಂಗಳಲ್ಲೇ ಮಳೆ ಹಿಡಿಯಬೇಕಿತ್ತಲ್ಲವೇ? ಜುಲೈಯಲ್ಲಿ ನೆಲ ತಣ್ಣಗಾದ ಮೇಲೆ ಅದು ನಿಲ್ಲಬೇಕಿತ್ತಲ್ಲವೇ?

ಈ ಪ್ರಶ್ನೆ ಕೇಳಿದ್ದು ಎಐ ಸಹಾಯಕ. ಮುಂಗಾರಿನ ಬಗ್ಗೆ ನಾನು ಬರೆದಿಟ್ಟುಕೊಂಡಿದ್ದ ಒಂದು ಪುಟವನ್ನು ಅದಕ್ಕೆ ಕೊಟ್ಟು, "ಇದನ್ನು ತಿದ್ದಬೇಡ, ಭಾಷೆ ಚಂದ ಮಾಡಬೇಡ. ಒಂದು ಮಾತಿನಿಂದ ಇನ್ನೊಂದು ಮಾತಿಗೆ ಹೋಗುವಾಗ ಕಾರಣ ಎಲ್ಲಿ ಕಳಚಿಕೊಂಡಿದೆ, ಅಷ್ಟು ಹೇಳು" ಅಂದಿದ್ದೆ. ಪುಟದಲ್ಲಿದ್ದದ್ದು ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠವೇ. ಬೇಸಿಗೆಯಲ್ಲಿ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗ ತುಂಬಲು ಸಮುದ್ರದ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ, ಘಟ್ಟಕ್ಕೆ ತಾಗಿ ಮಳೆ ಸುರಿಸುತ್ತದೆ. 1686ರಲ್ಲಿ ಎಡ್ಮಂಡ್ ಹ್ಯಾಲಿ ಕೊಟ್ಟ ವಿವರಣೆಯ ಎಳೆ ಇದು; ಧೂಮಕೇತುವಿಗೆ ಹೆಸರಾದ ಅದೇ ಹ್ಯಾಲಿ. ಓದಿದರೆ ಎಲ್ಲೂ ತೊಡಕಿಲ್ಲ, ನೀರು ಹರಿದ ಹಾಗೆ ಹೋಗುತ್ತದೆ. ಅದಕ್ಕೇ ಅದನ್ನು ಯಾರೂ ನಿಲ್ಲಿಸಿ ಕೇಳುವುದಿಲ್ಲ.

ನಾನು ಅದರಿಂದ ಉತ್ತರ ಕೇಳಲಿಲ್ಲ. "ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯಾರು, ಎಲ್ಲಿ ಬರೆದಿದ್ದಾರೆ?" ಎಂದು ಕೇಳಿದೆ. ಎರಡು ಹೆಸರು ಬಂದವು, ಎರಡನ್ನೂ ಹುಡುಕಿ ಓದಿದೆ. ಒಂದು, ಭಾರತದ ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡಿದ್ದ ಜಾರ್ಜ್ ಸಿಂಪ್ಸನ್. 1921ರಲ್ಲೇ ಅವರು ಬರೆದಿದ್ದರು: ಮಳೆಗಾಲಕ್ಕಿಂತ ಮೇ ತಿಂಗಳಲ್ಲಿ ನೆಲ ಹೆಚ್ಚು ಬಿಸಿ, ಮಳೆ ಚೆನ್ನಾದ ವರ್ಷಕ್ಕಿಂತ ಮಳೆ ಕೈಕೊಟ್ಟ ವರ್ಷ ಹೆಚ್ಚು ಬಿಸಿ. ಬಿಸಿಯೇ ಮಳೆಯ ಕಾರಣವಾಗಿದ್ದರೆ ಬರಗಾಲದಲ್ಲಿ ಮಳೆ ಜಾಸ್ತಿಯಾಗಬೇಕಿತ್ತು. ಇನ್ನೊಂದು ಹೆಸರು ನಮ್ಮ ಬೆಂಗಳೂರಿನದೇ, ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್. ಮುಂಗಾರು ಒಂದು ದೊಡ್ಡ ಕಡಲಗಾಳಿ ಅಲ್ಲ, ಸಮಭಾಜಕದ ಸುತ್ತ ಇರುವ ಮೋಡದ ಪಟ್ಟಿ ಸೂರ್ಯನ ಹಿಂದೆ ಉತ್ತರಕ್ಕೆ ಸರಿದು ನಮ್ಮ ಉಪಖಂಡದ ಮೇಲೆ ಬಂದು ನೆಲೆಸುವುದು ಎಂದು ಅವರು ದಶಕಗಳ ಕಾಲ ಪಟ್ಟುಬಿಡದೆ ತೋರಿಸುತ್ತ ಬಂದರು. ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಮತ್ತು ಅವರು 1980ರಲ್ಲಿ ಉಪಗ್ರಹ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿದಾಗ, ಈ ಪಟ್ಟಿ ಒಮ್ಮೆ ಬಂದು ಸುಮ್ಮನೆ ಕೂರುವುದಿಲ್ಲ, ಮಳೆಗಾಲದುದ್ದಕ್ಕೂ ಕೆಲವು ವಾರಗಳಿಗೊಮ್ಮೆ ಸಮಭಾಜಕದ ಕಡಲಿನಿಂದ ಹೊಸ ಪಟ್ಟಿ ಹುಟ್ಟಿ ಉತ್ತರಕ್ಕೆ ನಡೆದು ಬರುತ್ತಿರುತ್ತದೆ ಎನ್ನುವುದು ಕಂಡಿತು. ಮಳೆ ಜಡಿಯುವುದು, ಬಿಡುವು ಕೊಡುವುದು, ಮತ್ತೆ ಹಿಡಿಯುವುದು, ಈ ಲಯದ ಹಿಂದೆ ಈ ನಡಿಗೆಯಿದೆ.

ಬಿಸಿಲಿಗೆ ಇದರಲ್ಲಿ ಪಾತ್ರವೇ ಇಲ್ಲ ಅಂತಲ್ಲ. ಪಟ್ಟಿಯನ್ನು ಉತ್ತರಕ್ಕೆ ಎಳೆಯುವುದರಲ್ಲಿ ಇದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯನ್ನು ನಡೆಸುವುದು ತೇವ ತುಂಬಿದ ಗಾಳಿ ಏರಿ, ಮೋಡವಾಗಿ, ಆಗ ಬಿಡುಗಡೆಯಾಗುವ ಶಾಖ. ಇಷ್ಟು ತಿಳಿದ ಮೇಲೆ ನನ್ನ ಪುಟವನ್ನು ಹೊಸದಾಗಿ ಬರೆದೆ. ಮೊದಲಿನದಕ್ಕಿಂತ ಚಿಕ್ಕದಾಯಿತು. ಈಗ ಅದರಲ್ಲಿರುವ ಪ್ರತಿ ಮಾತನ್ನೂ ಯಾರಾದರೂ ನಿಲ್ಲಿಸಿ "ಯಾಕೆ?" ಅಂದರೆ ಇನ್ನೊಂದು ಮಾತು ಹೇಳಬಲ್ಲೆ.

ಎಐ ಇಟ್ಟುಕೊಂಡು ಓದುವುದರ ಬಗ್ಗೆ ನನಗೆ ಹೇಳಬೇಕಾದ ಮುಖ್ಯ ಮಾತು ಇದೇ. ಅದು ನನಗಾಗಿ ಬರೆಯುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ನಾನು ಬರೆದದ್ದನ್ನು ಅದು ಓದುವುದರಿಂದ ಸಿಗುವ ಲಾಭ ಬಹಳ ದೊಡ್ಡದು. ನಮ್ಮ ನೋಟ್ಸುಗಳನ್ನು ನಮ್ಮ ಹೊರತು ಯಾರೂ ಓದುವುದಿಲ್ಲ. ಬರೆದವರಿಗೆ ಅವುಗಳ ಸಂದು ಕಾಣುವುದಿಲ್ಲ, ಏಕೆಂದರೆ ಓದುವಾಗ ಬಿಟ್ಟುಹೋದ ಮಾತನ್ನು ನಮ್ಮ ಮನಸ್ಸೇ ತುಂಬಿಕೊಂಡು ಮುಂದೆ ಹೋಗುತ್ತದೆ. ಬೇಸರವಿಲ್ಲದೆ, ಹೊತ್ತುಗೊತ್ತಿಲ್ಲದೆ, ನಮ್ಮ ಒಂದೊಂದು ಸಾಲನ್ನೂ ಓದಿ "ಇದು ಹೇಗೆ?" ಅನ್ನುವ ಓದುಗ ಈ ಹಿಂದೆ ಎಷ್ಟು ಜನರಿಗೆ ಸಿಕ್ಕಿದ್ದ? ಒಳ್ಳೆಯ ಮೇಷ್ಟ್ರು ಸಿಕ್ಕಿದ ಕೆಲವರಿಗೆ, ಅದೂ ಕೆಲವು ವರ್ಷಗಳ ಮಟ್ಟಿಗೆ.

ನಮ್ಮಲ್ಲಿ ನೋಟ್ಸ್ ಅಂದರೆ ಏನು ಅನ್ನುವುದನ್ನೂ ಇಲ್ಲಿ ಹೇಳಬೇಕು. ಮೇಷ್ಟ್ರು ಹೇಳುತ್ತಾ ಹೋಗುವುದು, ನಾವು ಬರೆದುಕೊಳ್ಳುವುದು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ನಂತರ ಗೈಡ್ ಬಂತು, ಆಮೇಲೆ ಜೆರಾಕ್ಸ್ ನೋಟ್ಸ್, ಪಿಡಿಎಫ್, ವಾಟ್ಸಾಪ್ ಗ್ರೂಪಿನಲ್ಲಿ ಬರುವ ಕೆಪಿಎಸ್‌ಸಿ ಸಾರಾಂಶ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಬಹಳ ಮಂದಿ ಇದೇ ಸಾಲಿನ ಮುಂದಿನ ಕೊಂಡಿಯಾಗಿ ಅದನ್ನು ಹಿಡಿದರು. "ಮುಂಗಾರಿನ ಬಗ್ಗೆ ನೋಟ್ಸ್ ಕೊಡು" ಅಂದರೆ ಕ್ಷಣದಲ್ಲಿ ತಲೆಬರಹ, ಉಪತಲೆಬರಹ, ಚುಕ್ಕೆಗುರುತಿನ ಸಾಲುಗಳು ಬಂದು ಬೀಳುತ್ತವೆ. ಓದಿದರೆ ಎಲ್ಲ ತಿಳಿಯಿತು ಅನ್ನಿಸುತ್ತದೆ. ಆ ಅನ್ನಿಸಿಕೆಯ ಬಗ್ಗೆ ನನಗೆ ತುಂಬ ಆತಂಕವಿದೆ, ವಿಶೇಷವಾಗಿ ಪರೀಕ್ಷೆಗೆ ಓದುವ ಮಕ್ಕಳ ವಿಷಯದಲ್ಲಿ.

ಆತಂಕಕ್ಕೆ ಆಧಾರವೂ ಇದೆ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು 1000 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಗಣಿತದಲ್ಲಿ ಒಂದು ಪ್ರಯೋಗ ನಡೆಯಿತು. 2025ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಜೊತೆ ಅಭ್ಯಾಸ ಮಾಡಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇಕಡ 48ರಷ್ಟು ಮುಂದಿದ್ದರು. ಎಐ ತೆಗೆದಿಟ್ಟು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು. ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ ಇತ್ತು. ಅವರು ಅಭ್ಯಾಸದಲ್ಲಿ ಇನ್ನೂ ಮುಂದೆ ಹೋದರು, ಪರೀಕ್ಷೆಯಲ್ಲಿ ಆ ನಷ್ಟ ಬಹುಮಟ್ಟಿಗೆ ಇಲ್ಲವಾಯಿತು. ಯಂತ್ರ ಎರಡೂ ಕಡೆ ಒಂದೇ. ಅದರಿಂದ ಏನು ಮಾಡಿಸಿಕೊಂಡರು ಅನ್ನುವುದು ಬೇರೆ.

ಎಐ ಬರುವುದಕ್ಕೂ ಮೊದಲೇ ಇದರ ಮೂಲ ತಿಳಿದಿತ್ತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಮತ್ತೆ ಮತ್ತೆ ಓದಲು ಹೇಳಿದರು, ಕೆಲವರಿಗೆ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಗೆದ್ದರು. ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಕಷ್ಟಪಟ್ಟು ಹೊರತೆಗೆದದ್ದು ಉಳಿಯುತ್ತದೆ.

ಹಾಗಾಗಿ ನನ್ನದು ಒಂದು ಕಟ್ಟುಪಾಡು: ಮೊದಲು ಪುಸ್ತಕ ಅಥವಾ ಲೇಖನ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ. ಆಮೇಲಷ್ಟೇ ಯಂತ್ರಕ್ಕೆ ಕೊಡುವುದು. ಅದು ತಿದ್ದಿ ಬರೆದುಕೊಟ್ಟ ಪುಟವನ್ನು ನೋಟ್ಸಿನಲ್ಲಿ ಅಂಟಿಸುವುದಿಲ್ಲ.

ಇನ್ನೊಂದು ಅಭ್ಯಾಸ ತಾನಾಗಿ ಬೆಳೆಯಿತು, ಈಗ ಅದಿಲ್ಲದೆ ಬರೆಯಲು ಆಗುವುದೇ ಇಲ್ಲ. ಪ್ರತಿ ಸಾಲಿನ ಅಂಚಿನಲ್ಲಿ ಒಂದು ಗುರುತು. ನಾನೇ ಕಂಡದ್ದಕ್ಕೆ 'ಕಂ'. ಓದಿದ್ದಕ್ಕೆ 'ಓ', ಪಕ್ಕದಲ್ಲಿ ಪುಸ್ತಕದ ಹೆಸರು, ಪುಟ. ಹಿರಿಯರಿಂದ, ಅಕ್ಕಪಕ್ಕದವರಿಂದ ಕೇಳಿದ್ದಕ್ಕೆ 'ಕೇ'. ಯಂತ್ರ ಹೇಳಿದ್ದಕ್ಕೆ 'ಯಂ'. 'ಯಂ' ಗುರುತಿನ ಸಾಲು ಪೆನ್ಸಿಲಿನಲ್ಲಿರುತ್ತದೆ. ಬೇರೆ ಕಡೆ ಸಿಕ್ಕಿದ ದಿನ ಅದು ಶಾಯಿಗೆ ಬಂದು 'ಓ' ಆಗುತ್ತದೆ, ಸಿಗದಿದ್ದರೆ ಪೆನ್ಸಿಲಿನಲ್ಲೇ ಉಳಿಯುತ್ತದೆ ಅಥವಾ ಅಳಿಸಿಹೋಗುತ್ತದೆ. ಈ ಗುರುತುಗಳಿಂದ ನನಗೆ ಒಂದು ವಿಷಯ ಎದ್ದು ಕಂಡಿತು: ಮಳೆಯ ಬಗ್ಗೆ ನನ್ನ ನೋಟ್ಸಿನಲ್ಲಿ 'ಕೇ' ಸಾಲುಗಳಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ, ಮತ್ತು ಯಂತ್ರಕ್ಕೆ ಏನೂ ಗೊತ್ತಿಲ್ಲದಿರುವುದು ಅಲ್ಲಿಯೇ.

ಮಳೆ ನಕ್ಷತ್ರಗಳನ್ನೇ ತೆಗೆದುಕೊಳ್ಳಿ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತ, ಸ್ವಾತಿ. ನಮ್ಮ ಕಡೆ ಈಗಲೂ "ಜುಲೈ ಎರಡನೇ ವಾರ" ಅನ್ನುವುದಿಲ್ಲ, "ಪುನರ್ವಸು ಮಳೆಯಲ್ಲಿ" ಅನ್ನುತ್ತೇವೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ಆರಿದ್ರೆ ಮಳೆ ಆರದೆ ಹೊಯ್ಯುತ್ತೆ" ಇವೆಲ್ಲ ಕೇಳುತ್ತ ಬೆಳೆದವರು ನಾವು. ಇಂಥ ಇನ್ನಷ್ಟು ಗಾದೆ ಕೊಡು ಎಂದು ಸಹಾಯಕವನ್ನು ಕೇಳಿದೆ. ಪಟ್ಟಿ ಬಂತು. ಪ್ರಾಸ ಸರಿಯಾಗಿತ್ತು, ನಕ್ಷತ್ರದ ಹೆಸರು ಸರಿಯಾಗಿತ್ತು, ಗಾದೆಯ ಗತ್ತೂ ಇತ್ತು. ಅದರಲ್ಲಿ ಬಹುಪಾಲನ್ನು ನಮ್ಮ ಸೀಮೆಯಲ್ಲಿ ಯಾರೂ ಕೇಳಿಲ್ಲ, ನಮ್ಮ ಮನೆಯ ಹಿರಿಯರಿಗೆ ಓದಿ ಹೇಳಿದರೆ "ಇದು ಯಾವ ಊರಿನದ್ದು?" ಅಂದರು.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡರೆ ಸಿಟ್ಟು ಬರುವುದಿಲ್ಲ, ಎಚ್ಚರ ಬರುತ್ತದೆ. ಇವು ಭಾಷಾ ಮಾದರಿಗಳು. ಇಲ್ಲಿಯವರೆಗೆ ಬಂದ ಮಾತುಗಳನ್ನು ನೋಡಿ ಮುಂದೆ ಯಾವ ತುಣುಕು ಬರುವುದು ಹೆಚ್ಚು ಸಹಜ ಎಂದು ಲೆಕ್ಕ ಹಾಕಿ, ಒಂದೊಂದೇ ತುಣುಕು ಜೋಡಿಸುತ್ತ ಹೋಗುವುದು ಅವುಗಳ ಕೆಲಸ. ಗಾದೆಯ ಅಚ್ಚು ಅವಕ್ಕೆ ಚೆನ್ನಾಗಿ ಸಿಕ್ಕಿದೆ. ಆ ಅಚ್ಚಿನಲ್ಲಿ ಹೊಸದನ್ನು ಎರಕ ಹೊಯ್ಯುವಾಗ, ಇದು ಜನರ ಬಾಯಲ್ಲಿ ಇದ್ದದ್ದೋ ಅಲ್ಲವೋ ಅನ್ನುವ ಭೇದ ಅದರ ಲೆಕ್ಕದೊಳಗೆ ಬರಲೇಬೇಕೆಂದೇನೂ ಇಲ್ಲ. ಕನ್ನಡದಲ್ಲಿ ಅಂತರ್ಜಾಲಕ್ಕೆ ಸೇರಿದ ಪಠ್ಯವೇ ಕಡಿಮೆ, ಅದರಲ್ಲೂ ಮಲೆನಾಡಿನ ಮಳೆಯ ಮಾತು ಇನ್ನೂ ಕಡಿಮೆ. ಇನ್ನೊಂದು ಅಡಚಣೆ ಲಿಪಿಯದು. ಕಂಪ್ಯೂಟರಿನೊಳಗೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೆ, ಅಕ್ಷರಗಳನ್ನು ಬೈಟುಗಳಾಗಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ, ಮೂರು ಬೈಟ್ ಬೇಕು. 'ಸ್ತ್ರೀ' ಅನ್ನುವ ಒಂದೇ ಅಕ್ಷರದಲ್ಲಿ ಸ, ತ, ರ, ಎರಡು ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ಒಂದು ದೀರ್ಘ ಸೇರಿ ಆರು ಚಿಹ್ನೆ, ಅಂದರೆ 18 ಬೈಟ್. ಹಾಗಾಗಿ ಅದೇ ವಿಷಯವನ್ನು ಕನ್ನಡದಲ್ಲಿ ಕೊಟ್ಟರೆ ಯಂತ್ರ ಅದನ್ನು ಹೆಚ್ಚು ತುಣುಕುಗಳಾಗಿ ಒಡೆದು ಓದಬೇಕಾಗುತ್ತದೆ. ಇದರ ನಡುವೆಯೂ ಕನ್ನಡದಲ್ಲೇ ಕೇಳುತ್ತೇನೆ, ಕನ್ನಡದಲ್ಲೇ ಬರೆಯುತ್ತೇನೆ. ಯೋಚನೆ ನಡೆಯುವುದು ಆ ಭಾಷೆಯಲ್ಲಿ.

ಅಂಕಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಮೇಲೆ, ಚಳ್ಳಕೆರೆಯ ಕಡೆ 500ರ ಆಸುಪಾಸು ಎನ್ನುವಷ್ಟು ಸ್ಥೂಲವಾಗಿ ಯಂತ್ರ ಸರಿ ಹೇಳುತ್ತದೆ. ನಮ್ಮ ಹೋಬಳಿಯ ಜುಲೈ ತಿಂಗಳ ಸರಾಸರಿ ಕೇಳಿದರೆ, ದಶಮಾಂಶದ ಸಮೇತ ಒಂದು ಸಂಖ್ಯೆ ಕೊಡುತ್ತದೆ. ಇನ್ನೊಂದು ದಿನ ಕೇಳಿದರೆ ಇನ್ನೊಂದು ಸಂಖ್ಯೆ. ಅದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಗೇ ಹೋಗಬೇಕು. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕ ಇಟ್ಟಿರುವ ರಾಜ್ಯ ನಮ್ಮದು, ಆ ಸೌಲಭ್ಯ ಇರುವಾಗ ಊಹೆಯ ಸಂಖ್ಯೆಯನ್ನು ನೋಟ್ಸಿಗೆ ಇಳಿಸುವ ಕಾರಣವೇ ಇಲ್ಲ.

ಆದರೆ ನಕ್ಷತ್ರಗಳ ಪುಟಕ್ಕೆ ಅದು ಕೇಳಿದ ಒಂದು ಪ್ರಶ್ನೆ ನನ್ನನ್ನು ವಾರಗಟ್ಟಲೆ ಹಿಡಿದಿಟ್ಟಿತು. ನಾನು ಬರೆದದ್ದು ಇಷ್ಟು: ಸೂರ್ಯನ ದಾರಿಯ 360 ಡಿಗ್ರಿಯನ್ನು 27 ಪಾಲು ಮಾಡಿದರೆ ಒಂದು ನಕ್ಷತ್ರಕ್ಕೆ 13 ಡಿಗ್ರಿ 20 ನಿಮಿಷ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಪಾಲು). ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತಾನೆ, ಹಾಗಾಗಿ ಒಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಈಗ ಮೃಗಶಿರಾ ಹುಟ್ಟುವುದು ಜೂನ್ 8ರ ಸುಮಾರಿಗೆ, ಆರಿದ್ರಾ 22ರ ಸುಮಾರಿಗೆ. ಇದನ್ನು ಓದಿ ಅದು ಕೇಳಿತು: "ನಿಮ್ಮ ಪಟ್ಟಿ ನಕ್ಷತ್ರಗಳಿಗೆ ಕಟ್ಟಿದ್ದು, ಮಳೆ ಋತುವಿಗೆ ಕಟ್ಟಿದ್ದು. ಎರಡೂ ಒಂದೇ ಗತಿಯಲ್ಲಿ ಹೋಗುತ್ತವೆಯೇ?"

ಹೋಗುವುದಿಲ್ಲ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಸೂರ್ಯ ಅದೇ ನಕ್ಷತ್ರದ ಎದುರಿಗೆ ಮತ್ತೆ ಬರಲು 365.2564 ದಿನ. ಅದೇ ಋತುವಿನ ಬಿಂದುವಿಗೆ ಬರಲು 365.2422 ದಿನ. ವ್ಯತ್ಯಾಸ 0.0142 ದಿನ, ಅಂದರೆ ಸುಮಾರು 20 ನಿಮಿಷ. ವರ್ಷಕ್ಕೆ 20 ನಿಮಿಷ ಏನೂ ಅಲ್ಲ. 1000 ವರ್ಷಕ್ಕೆ ಗುಣಿಸಿ ನೋಡಿ: 14.2 ದಿನ. ಒಂದು ಇಡೀ ನಕ್ಷತ್ರ! ಸಾವಿರ ವರ್ಷದ ಹಿಂದೆ ನಮ್ಮ ಹಿರಿಯರು ಆರಿದ್ರಾ ಮಳೆ ಎಂದು ಕರೆಯುತ್ತಿದ್ದ ದಿನಗಳು ಋತುವಿನ ಲೆಕ್ಕದಲ್ಲಿ ನಮ್ಮ ಇಂದಿನ ಮೃಗಶಿರಾದ ದಿನಗಳು. ಉತ್ತರಾಯಣ ಡಿಸೆಂಬರ್ 21, 22ಕ್ಕೇ ಆರಂಭವಾಗಿದ್ದರೂ ನಾವು ಸಂಕ್ರಾಂತಿಯ ಎಳ್ಳು ಬೀರುವುದು ಜನವರಿ 14, 15ಕ್ಕೆ ಅನ್ನುವುದರ ಹಿಂದೆಯೂ ಇರುವುದು ಇದೇ ಸರಿತ, ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಆಗುವಂಥದ್ದು.

ಗಾದೆಗಳು ಸಾವಿರ ವರ್ಷ ಹಳೆಯವೇ? ಅದು ಬೇರೆ ಪ್ರಶ್ನೆ, ಬಾಯಿಂದ ಬಾಯಿಗೆ ಬಂದದ್ದು ಕಾಲಕ್ಕೆ ತಕ್ಕಂತೆ ಮಾತನ್ನು ಹೊಂದಿಸಿಕೊಂಡಿರಲೂಬಹುದು. ಆದರೆ "ಈಗ ಮಳೆ ನಕ್ಷತ್ರದ ಪ್ರಕಾರ ಬರುವುದಿಲ್ಲ" ಎಂದು ಎಲ್ಲರೂ ಹೇಳುವಾಗ, ಹವಾಮಾನ ಬದಲಾವಣೆಯ ಪಾಲಿನ ಜೊತೆಗೆ ಪಂಚಾಂಗವೇ ತೀರಾ ನಿಧಾನವಾಗಿ ಸರಿಯುತ್ತಿದೆ ಅನ್ನುವ ಸಂಗತಿ ನನಗೆ ಹೊಳೆದಿರಲಿಲ್ಲ. ಒಂದು ಮನುಷ್ಯಾಯುಷ್ಯದಲ್ಲಿ ಅದು ಒಂದು ದಿನದಷ್ಟು ಮಾತ್ರ. ಹಾಗಾಗಿ ನಮ್ಮ ಅಜ್ಜನ ಕಾಲಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸಕ್ಕೆ ಇದು ಕಾರಣವಾಗಲಾರದು. ಇದನ್ನೂ ಅಂಚಿನಲ್ಲಿ ಬರೆದಿಟ್ಟಿದ್ದೇನೆ, ಇಲ್ಲದಿದ್ದರೆ ಈ ಲೆಕ್ಕ ಬೇಡದ ಕಡೆ ಬಳಕೆಯಾಗಿಬಿಡುತ್ತದೆ.

ಬಿಡಿಬಿಡಿಯಾಗಿ ಬಿದ್ದಿರುವ ಪುಟಗಳನ್ನು ಹತ್ತಿರ ತರುವುದರಲ್ಲೂ ಯಂತ್ರದ ಕೈ ದೊಡ್ಡದು. ನನ್ನಲ್ಲಿ ಧಾತು, ಈಶ್ವರ ಸಂವತ್ಸರಗಳ ಬರದ ಬಗ್ಗೆ ಒಂದು ಪುಟ ಇತ್ತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಬಗ್ಗೆ ಇನ್ನೊಂದು ಪುಟ, ಹವಾಮಾನ ಇಲಾಖೆಯ ಚರಿತ್ರೆಯ ಬಗ್ಗೆ ಮತ್ತೊಂದು, ಎಲ್ಲ ಬೇರೆ ಬೇರೆ ಕಾಲದಲ್ಲಿ ಬರೆದದ್ದು. ಮೂರನ್ನೂ ಒಟ್ಟಿಗೆ ಕೊಟ್ಟು "ಇವುಗಳ ನಡುವೆ ನಾನು ಬರೆಯದೇ ಬಿಟ್ಟ ಸಂಬಂಧ ಯಾವುದು?" ಅಂದೆ. 1877ರಲ್ಲಿ ಪೆಸಿಫಿಕ್ ಸಾಗರದಲ್ಲಿ ಭಾರಿ ಎಲ್ ನಿನೊ ಇತ್ತು ಎನ್ನುವುದನ್ನು ಅದು ಎತ್ತಿ ತೋರಿಸಿತು. 1875ರಲ್ಲಷ್ಟೇ ಹುಟ್ಟಿದ್ದ ಹವಾಮಾನ ಇಲಾಖೆಯ ಮೇಲೆ ಮುನ್ಸೂಚನೆ ಕೊಡುವ ಹೊಣೆ ಬಿದ್ದದ್ದು ಆ ಬರದ ನಂತರ. ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರನ್ನು ಊಹಿಸಲು ಹೊರಟರು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್, ಮುಂಗಾರಿನ ಸುಳಿವನ್ನು ಜಗತ್ತಿನಾದ್ಯಂತದ ವಾಯುಒತ್ತಡದ ಅಂಕಿಗಳಲ್ಲಿ ಹುಡುಕುತ್ತ ಹೋಗಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ನಡುವೆ ಒತ್ತಡ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿದರು. ಅದಕ್ಕೂ ಎಲ್ ನಿನೊಗೂ ಇರುವ ನಂಟನ್ನು ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್ ಬಿಡಿಸಿ ಹೇಳಿದ್ದು 1969ರಲ್ಲಿ. ಗಂಜಿ ಕೇಂದ್ರಗಳ ಎದುರು ಸಾಲುಗಟ್ಟಿ ಸತ್ತ ನಮ್ಮ ಜನರಿಂದ ಹುಟ್ಟಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಸಿಗಲು ಸುಮಾರು 90 ವರ್ಷ ಹಿಡಿಯಿತು. ಮೂರು ಪುಟಗಳೂ ಈಗ ಒಂದೇ ಪುಟ. ಬರೆಯುವಾಗ ಕಣ್ಣು ತುಂಬಿ ಬಂತು.

ಎಲ್ ನಿನೊ ಅಂದಕೂಡಲೆ ಬರ ಅಂತಲೂ ಅಲ್ಲ. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊ ಇದ್ದೂ ದೇಶದ ಮಳೆ ಸರಾಸರಿಗಿಂತ ಕಡಿಮೆಯಾಗಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ವಾಡಿಕೆಗಿಂತ ಬಿಸಿಯಾಗಿ, ಪೂರ್ವ ಭಾಗ ವಾಡಿಕೆಗಿಂತ ತಣ್ಣಗಿರುವ ವರ್ಷಗಳಲ್ಲಿ ಆ ಸಾಗರ ನಮ್ಮ ಕೈ ಹಿಡಿಯುವುದುಂಟು. ಈ ಪುಟ ಇನ್ನೂ ನನಗೆ ಸಮಾಧಾನ ತಂದಿಲ್ಲ, ಪೆನ್ಸಿಲಿನ ಸಾಲುಗಳು ಬಹಳ ಇವೆ.

ನಮ್ಮ ತೋಟ ತೀರ್ಥಹಳ್ಳಿಯ ಕಡೆ. ಈ ಓದೆಲ್ಲ ಕಡೆಗೆ ಬಂದು ನಿಲ್ಲುವುದು ಅಡಿಕೆಯ ಕೊಳೆರೋಗದ ಹತ್ತಿರ. ಮಳೆ ಬಿಡದೆ ಹೊಯ್ದರೆ ಎಳೆಗಾಯಿ ಕೊಳೆತು ಉದುರುತ್ತದೆ. ಆಗ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೇಲೆ ಪುಸ್ತಿಕೆ ಬರೆದು, ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿದರು. ನೂರು ವರ್ಷ ದಾಟಿದರೂ ಮಲೆನಾಡು ಅದರ ಮೇಲೇ ನಿಂತಿದೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ; ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತ ಕಲಕಬೇಕು. ಆಮೇಲೆ ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುವುದು. ಅಲಗು ಕೆಂಪಾದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಇದು ನನ್ನ ನೋಟ್ಸಿನಲ್ಲಿ 'ಕೇ' ಗುರುತಿನ ಸಾಲು, ಅಪ್ಪನಿಂದ ಬಂದದ್ದು. ಓದಿದ್ದನ್ನು ನೆನಪಿಸಿಕೊಳ್ಳಲು ಯಂತ್ರದಿಂದ ಆಗಾಗ ಪ್ರಶ್ನೆ ಹಾಕಿಸಿಕೊಳ್ಳುತ್ತೇನೆ. ನನ್ನ ಪುಟದಿಂದಲೇ ಕೇಳಬೇಕು, ನಾನು ಬರೆದು ಮುಗಿಸುವವರೆಗೆ ಸುಳಿವೂ ಕೊಡಬಾರದು ಎನ್ನುವುದು ಕರಾರು. ಅದು ಕೇಳಿತು: ಕತ್ತಿ ಕೆಂಪಾಗುವುದು ಯಾಕೆ? ಕೆಂಪಾದದ್ದಕ್ಕೂ ಎಲೆ ಸುಡುವುದಕ್ಕೂ ಏನು ಸಂಬಂಧ? ಪಿಯುಸಿ ರಸಾಯನಶಾಸ್ತ್ರವನ್ನು ಮನಸ್ಸಿನಲ್ಲಿ ಕೆದಕಿ ಉತ್ತರ ಬರೆದೆ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಚುರುಕು. ದ್ರಾವಣದಲ್ಲಿ ಸುಣ್ಣಕ್ಕೆ ಸಿಗದೆ ಉಳಿದ ತಾಮ್ರವಿದ್ದರೆ ಕಬ್ಬಿಣ ತಾನು ಕರಗಿ ಅದನ್ನು ಹೊರತಳ್ಳುತ್ತದೆ, ಅದೇ ಅಲಗಿನ ಮೇಲೆ ಕೆಂಪಾಗಿ ಕೂರುವುದು. ಹಾಗೆ ಉಳಿದ ತಾಮ್ರವೇ ಎಳೆಯ ಕಾಯನ್ನು, ಎಲೆಯನ್ನು ಸುಡುವಂಥದ್ದು. ಸುಣ್ಣ ಸಾಕಷ್ಟಿದ್ದರೆ ತಾಮ್ರ ಕರಗದ ರೂಪಕ್ಕೆ ತಿರುಗಿ ಗೊನೆಗೆ ಅಂಟಿಕೊಂಡು, ಮಳೆಯಲ್ಲೂ ಬೇಗ ತೊಳೆದುಹೋಗದೆ ಕಾಯುತ್ತದೆ. ಆ ಕತ್ತಿಯನ್ನು ಚಿಕ್ಕಂದಿನಿಂದ ನೋಡುತ್ತ ಬಂದವನು ನಾನು. ಅಪ್ಪನಿಗೆ ಈ ಉತ್ತರ ಹೇಳಿದಾಗ ಅವರು ಇನ್ನೊಂದು ಸೇರಿಸಿದರು: ಸುಣ್ಣ ಹಳೆಯದಾಗಿ ಗಾಳಿ ಕುಡಿದಿದ್ದರೆ ಒಂದು ಕಿಲೋ ಒಂದು ಕಿಲೋ ಆಗಿರುವುದಿಲ್ಲ, ಅದಕ್ಕೇ ತೂಕ ನಂಬದೆ ಕತ್ತಿ ನಂಬುವುದು. ಅದನ್ನೂ ಬರೆದುಕೊಂಡೆ, 'ಕೇ' ಗುರುತಿನಲ್ಲಿ.

ಮೊದಲನೇ ಔಷಧಿ ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40–45 ದಿನದ ನಂತರ. ಎರಡನೆಯದೇ ಕಷ್ಟ. ಅದು ಬಂದು ಬೀಳುವುದು ಪುನರ್ವಸು, ಪುಷ್ಯದ ಜಡಿಮಳೆಯಲ್ಲಿ. ಗೊನೆ ಒಣಗಿರಬೇಕು, ಹೊಡೆದ ಮೇಲೆ ಕೆಲವು ಗಂಟೆಯಾದರೂ ಬಿಸಿಲು ಅಥವಾ ಹೊಳವು ಬೇಕು, ಔಷಧಿ ಹೊಡೆಯುವವರೂ ಅದೇ ದಿನ ಸಿಗಬೇಕು. ಮೋಡದ ಪಟ್ಟಿ ಕೆಲವು ವಾರಗಳಿಗೊಮ್ಮೆ ಸರಿದು ಬಿಡುವು ಕೊಡುತ್ತದೆ ಎಂದು ಓದಿದ ದಿನದಿಂದ ನನಗೆ ಒಂದೇ ಯೋಚನೆ: ಆ ಬಿಡುವು ನಮ್ಮ ಊರಿನ ಲೆಕ್ಕದಲ್ಲಿ ಯಾವಾಗ ಬರುತ್ತ ಬಂದಿದೆ?

ಅದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಮನೆಯ ಮಳೆ ಲೆಕ್ಕದ ಪುಸ್ತಕದಲ್ಲಿದೆ. ಮಲೆನಾಡಿನ ಅನೇಕ ಮನೆಗಳಂತೆ ನಮ್ಮಲ್ಲೂ ಬೆಳಿಗ್ಗೆ ಮಳೆಮಾಪಕ ನೋಡಿ ಬರೆದಿಡುವ ರೂಢಿ. ಹಳೆಯ ಪುಟಗಳು ಇಂಚಿನಲ್ಲಿ, ಆಮೇಲಿನವು ಮಿಲಿಮೀಟರಿನಲ್ಲಿ, ಅಂಕಿಗಳು ಕನ್ನಡದವು. ಫೋಟೋ ತೆಗೆದು ಯಂತ್ರದಿಂದ ಓದಿಸಿದರೆ ೬ ಮತ್ತು ೯ ಅದಲುಬದಲಾಗುತ್ತವೆ, ಹಾಗಾಗಿ ಟೈಪು ಮಾಡುವುದು ನನ್ನ ಕೈಯಿಂದಲೇ. ಟೈಪಾದ ಅಂಕಿಗಳಿಂದ ಮಳೆಯಿಲ್ಲದ ದಿನಗಳ ಸಾಲುಗಳನ್ನು ಹೆಕ್ಕುವ ಸೂತ್ರವನ್ನು ಸ್ಪ್ರೆಡ್‌ಶೀಟಿಗೆ ಬರೆದುಕೊಟ್ಟದ್ದು ಸಹಾಯಕ. ಆ ಕೆಲಸದಲ್ಲಿ ಅದರ ಚುರುಕಿಗೆ ಸಾಟಿಯಿಲ್ಲ. ಪುನರ್ವಸುವಿನ ಪುಟಗಳು ಮುಗಿದಿವೆ, ಪುಷ್ಯ ನಡೆಯುತ್ತಿದೆ.

ಒಂದು ವರ್ಷದ ಸಾಲುಗಳನ್ನು ಬೇರೆಯವರ ಲೆಕ್ಕದ ಜೊತೆ ಹೋಲಿಸಿ ನೋಡುವ ಆಸೆಯಿದೆ. 2023ರ ಆಗಸ್ಟ್. 1901ರಿಂದ ಇಟ್ಟ ದಾಖಲೆಯಲ್ಲೇ ದೇಶಕ್ಕೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು, ವಾಡಿಕೆಗಿಂತ ಶೇಕಡ 36 ಕಡಿಮೆ. ಆ ವರ್ಷ ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತ ಪಟ್ಟಿ ಸೇರಿದವು. ಆಶ್ಲೇಷ, ಮಘೆ ಎರಡೂ ಹಾಗೇ ಹೋದವು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ, ಸಿದ್ದಾಪುರ, ಶಿರಸಿ ಕಡೆ ಯಾರ ಮನೆಯಲ್ಲಾದರೂ ಆ ತಿಂಗಳ ದಿನದಿನದ ಮಳೆ ಲೆಕ್ಕ ಇದ್ದರೆ ತಿಳಿಸಿ. ಇಂಚೋ ಮಿಲಿಮೀಟರೋ, ಮಾಪಕ ನೋಡಿದ್ದು ಬೆಳಿಗ್ಗೆ ಎಷ್ಟು ಹೊತ್ತಿಗೆ, ಅಷ್ಟು ಬರೆದರೆ ಸಾಕು.